ಒಂದೇ ಫೈಬರಿನಲ್ಲಿ ಐವರು

ಜೂನ್ 11, ಬುಧವಾರ, ಬೆಳಗ್ಗೆ 7:10. ಕೂಲರಿಗೆ ನೀರು ತುಂಬಿಸಿ ಬರೆಯಲು ಕೂತಿದ್ದೇನೆ. ಜನವರಿಯಿಂದ ಮೇ ಕೊನೆಯವರೆಗೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಡೆದದ್ದು ನನ್ನ ಎರಡು ನೋಟುಪುಸ್ತಕಗಳಲ್ಲಿ ಚದುರಿಕೊಂಡಿದೆ. ಅದನ್ನು ಒಂದು ಕಡೆ ಕೂಡಿಸಬೇಕು.

ನಾವು ಎಂ.ಟೆಕ್. ಕೊನೆಯ ವರ್ಷದ ಐದು ಜನ. ಮೂವರು ನಾಗಪುರದವರೇ ಆದ ಮರಾಠಿ ಹುಡುಗರು. ಉಳಿದವರು ನಾನು ಮತ್ತು ನನ್ನ ಗೆಳತಿ. ನನ್ನ ಅಪ್ಪ ಧಾರವಾಡದ ಕಡೆಯಿಂದ ಬಂದು ಇಲ್ಲಿ ಸರ್ಕಾರಿ ಕಾರ್ಖಾನೆಯಲ್ಲಿದ್ದಾರೆ. ಅವಳ ಅಪ್ಪ ಉಮರೇಡಿನ ಕಲ್ಲಿದ್ದಲು ಗಣಿಯಲ್ಲಿ ಸರ್ವೇಯರ್. ಅವಳು ದಿನಾ ಬೆಳಗ್ಗೆ 6:15ರ ಬಸ್ಸು ಹಿಡಿದು ಬರುತ್ತಿದ್ದಳು. ಪ್ರಯೋಗಶಾಲೆಯಲ್ಲಿ ಕನ್ನಡ ನಮ್ಮಿಬ್ಬರ ನಡುವೆ ಮಾತ್ರ.

ನಮ್ಮ ಕೆಲಸ ಇಷ್ಟು. ಐವರ ಸಂದೇಶ ಒಂದೇ ಫೈಬರಿನಲ್ಲಿ, ಒಂದೇ ಸಮಯಕ್ಕೆ, ಒಂದೇ ಬಣ್ಣದ ಬೆಳಕಿನಲ್ಲಿ ಹೋಗಬೇಕು. ಸರದಿ ಇಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಕೇತ. ಸಂಕೇತವೆಂದರೆ ಉದ್ದ ಬೇರೆ ಬೇರೆ ಇರುವ ನಾಲ್ಕು ಫೈಬರ್ ತುಂಡುಗಳಿರುವ ಒಂದು ಡಬ್ಬಿ. ಬೆಳಕಿನ ಒಂದು ಮಿಣುಕು ಅದರೊಳಗೆ ಹೊಕ್ಕು ನಾಲ್ಕಾಗಿ ಒಡೆದು, ಒಂದರ ಹಿಂದೊಂದಾಗಿ ಹೊರಬರುತ್ತದೆ. ಆಚೆ ತುದಿಯಲ್ಲಿ ಅದಕ್ಕೆ ಸರಿಹೊಂದುವ ಡಬ್ಬಿಯಿದ್ದರೆ ನಾಲ್ಕೂ ಚೂರು ಮತ್ತೆ ಒಟ್ಟಿಗೆ ಸೇರಿ ಅಳೆಯುವ ಯಂತ್ರದ ಪರದೆಯ ಮೇಲೆ ಎತ್ತರಕ್ಕೆ ಏಳುತ್ತವೆ. ಬೇರೆಯವರ ಚೂರುಗಳು ಕೆಳಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಹಾಗೆ ಚೆಲ್ಲಿದ್ದು ಆಕಸ್ಮಿಕವಾಗಿ ಒಂದರ ಮೇಲೊಂದು ಬಿದ್ದರೆ ಯಂತ್ರ ಅದನ್ನೇ ಸಂದೇಶವೆಂದು ಓದುತ್ತದೆ. ಅದು ತಪ್ಪು. ಹತ್ತು ನಿಮಿಷಕ್ಕೆ ಎಷ್ಟು ತಪ್ಪು ಎಂದು ಬರೆದಿಡುವ ಕೆಲಸ ನನ್ನದು. ಯಾರೂ ಒಪ್ಪಿಸಿದ್ದಲ್ಲ, ನಾನೇ ಹಿಡಿದುಕೊಂಡದ್ದು.

ಒಬ್ಬೊಬ್ಬರ ಡಬ್ಬಿ ಒಬ್ಬೊಬ್ಬರ ಪ್ರಬಂಧ. ಏಪ್ರಿಲ್ 28ಕ್ಕೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಒಬ್ಬರ ಲೇಸರಿನಿಂದ ಅವರ ಎರಡು ಡಬ್ಬಿ ಹಾಯ್ದು ಹೋಗುವ ದಾರಿಗೆ ನಾವು ಸಾಲು ಎನ್ನುತ್ತಿದ್ದೆವು. ಅಂದು ಮೇಜಿನ ಮೇಲೆ ಯಾರ ಸಾಲು ನಡೆಯುತ್ತದೋ ಅವರು ಪಾಸು.

ಐವರಲ್ಲಿ ಗೆಳತಿಯ ಕೈ ಎಲ್ಲರಿಗಿಂತ ಚೊಕ್ಕ. ಫೈಬರಿನ ತುದಿ ಒರೆಸಲು ಅವಳು ಸೀತಾಬರ್ಡಿ ಪೇಟೆಯ ಫುಟ್‌ಪಾತಿನಲ್ಲಿ ಕನ್ನಡಕದ ಬಟ್ಟೆ ಕೊಂಡು ತಂದಿದ್ದಳು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒಂದು ಜೋಡಣೆ ಮನಸ್ಸಿಗೆ ಬರದಿದ್ದರೆ ಕತ್ತರಿಸಿ ಮತ್ತೆ ಮಾಡುವಳು. ನಾನು ಎಣಿಸಿದಂತೆ ತನ್ನ ಡಬ್ಬಿಗೆ ಅವಳು ಮೂವತ್ತೊಂದು ಸಲ ಫೈಬರ್ ಕತ್ತರಿಸಿದಳು. ನಾನು ಒಂಬತ್ತು ಸಲ.

ಏಪ್ರಿಲ್ 5ರಂದು ಐದೂ ಸಾಲುಗಳನ್ನು ಮೊದಲ ಬಾರಿಗೆ ಒಟ್ಟಿಗೆ ಹಚ್ಚಿದೆವು.

"ತಲಾಠಿಬಾಯಿ, ಎಷ್ಟಾತು?" ಎಂದು ಅವಳು ಕೇಳಿದಳು. ತಲಾಠಿ ಎಂದರೆ ಇಲ್ಲಿ ಊರಿನ ಲೆಕ್ಕ ಬರೆಯುವ ಶಾನುಭೋಗ; ನನ್ನ ನೋಟುಪುಸ್ತಕದ ದೆಸೆಯಿಂದ ನನಗೆ ಬಂದ ಹೆಸರು ಅದು.

"ಎರಡು ನೂರಾ ಹನ್ನೆರಡು."

"ಯವ್ವಾ. ನಮ್ಮ ಬಸ್ಸಿನಾಗ ಸುದ್ದಾ ಇಷ್ಟು ಮಂದಿ ಇರಂಗಿಲ್ಲ."

ಐವತ್ತರ ಒಳಗೆ ಬರಬೇಕೆಂದು ನಮ್ಮ ಪ್ರಬಂಧದ ಗೈಡ್ ಹೇಳಿದ್ದರು. ಮರುವಾರ ನಾನು ಒಂದು ಕ್ರಮ ಮಾಡಿಕೊಂಡೆ. ದಿನಕ್ಕೊಂದು ಸಾಲಿನ ಬೆಳಕು ಆರಿಸಿಡುವುದು, ಉಳಿದ ನಾಲ್ಕರಲ್ಲಿ ಬರುವ ತಪ್ಪು ಎಣಿಸುವುದು. ಸೋಮವಾರ ನನ್ನದು ಆರಿಸಿದಾಗ 171. ಹುಡುಗರದು ಒಂದೊಂದಾಗಿ ಆರಿಸಿದಾಗ 164, 180, 158. ಶುಕ್ರವಾರ ಅವಳದು ಆರಿಸಿದಾಗ 37. ಯಂತ್ರ ಕೆಟ್ಟಿತೇ ಎಂದು ಮೂರು ಸಲ ಎಣಿಸಿದೆ. 37, 39, 36.

ಶನಿವಾರ ಗೈಡ್ ಬಂದು, ಯಾರ ಕೋಡಿನಿಂದ ಈ ಗಡಬಡ್ ಎಂದು ಹಿಂದಿಯಲ್ಲಿ ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಪುಟ ತೆರೆದು ಐದೂ ಸಂಖ್ಯೆ ಓದಿದೆ. ಸುಮ್ಮನಿರಬಹುದಿತ್ತು, ಇನ್ನೂ ಎಣಿಸಬೇಕು ಎನ್ನಬಹುದಿತ್ತು. ಆಗ ಅದು ಹೊಳೆಯಲೇ ಇಲ್ಲ. ಕೇಳಿದ್ದಕ್ಕೆ ಉತ್ತರ ನನ್ನ ಬಳಿ ಇತ್ತು, ಹೇಳಿದೆ. ಗೈಡ್ ಕೆಟ್ಟವರಲ್ಲ. ಹದಿನಾರು ದಿನ ಉಳಿದಿದೆ, ನಾಲ್ಕು ಜನರದ್ದಾದರೂ ಆಗಲಿ, ನೀನು ಕಂಪ್ಯೂಟರಿನಲ್ಲಿ ಮಾಡುವ ಬೇರೆ ವಿಷಯ ತೆಗೆದುಕೊ, ಡಿಸೆಂಬರಿಗೆ ಮುಗಿಸು ಎಂದು ಅವಳಿಗೆ ಮೆಲ್ಲಗೇ ಹೇಳಿದರು.

ಅವರು ಹೋದ ಮೇಲೆ ಅವಳು ತನ್ನ ಡಬ್ಬಿಯ ತಿರುಪು ಬಿಚ್ಚತೊಡಗಿದಳು. ನನಗೆ ಕಣ್ಣು ತುಂಬಿ ಬಂತು.

"ಬರೋಬರ್ ಬರ್ದೀಯಲ್ಲ," ಎಂದಳು. "ಮತ್ಯಾಕ ಅಳ್ತಿ? ಸರಿ ಅತ್ಲಾಗ, ಬೆಳಕಿಗೆ ಅಡ್ಡ ನಿಂತೀದಿ."

ಏಪ್ರಿಲ್ 28ಕ್ಕೆ ನಾವು ನಾಲ್ವರೂ ಪಾಸಾದೆವು. ಪರೀಕ್ಷಕರು ನನ್ನ ಕೋಷ್ಟಕಗಳನ್ನು ಹೊಗಳಿದರು. ಮನೆಯಲ್ಲಿ ಅಮ್ಮ ಶ್ರೀಖಂಡ ಮಾಡಿದ್ದಳು. ನಾನು ತಿಂದೆ, ರುಚಿ ನೆನಪಿಲ್ಲ.

ಆ ಕೋಣೆಯನ್ನು ಬೇರೆ ವಿಭಾಗಕ್ಕೆ ಕೊಟ್ಟದ್ದರಿಂದ ಮೇ 27ರಂದು ಮೇಜು ಬಿಚ್ಚಿದೆವು. ಫೈಬರ್ ಸುರುಳಿ, ಲೇಸರ್ ಎಲ್ಲ ಪಟ್ಟಿ ಮಾಡಿ ಉಗ್ರಾಣಕ್ಕೆ ಒಪ್ಪಿಸಬೇಕಿತ್ತು. ಪಟ್ಟಿಗಾಗಿ ಹಳೆಯ ಪುಸ್ತಕ ತೆರೆದಾಗ ಜನವರಿ 22ರ ಪುಟ ಸಿಕ್ಕಿತು. ಡಬ್ಬಿಗಳು ಸಿದ್ಧವಾದ ದಿನ ಪ್ರತಿ ಸಾಲಿನಿಂದ ಎಷ್ಟು ಬೆಳಕು ಹೊರಬರುತ್ತದೆ ಎಂದು ಅಳೆದು ಬರೆದಿದ್ದೆ. ನಮ್ಮ ನಾಲ್ವರದ್ದು ಹೆಚ್ಚುಕಡಿಮೆ ಒಂದೇ. ಅವಳದು ನಮ್ಮ ಎರಡರಷ್ಟಕ್ಕಿಂತ ಜಾಸ್ತಿ. ಪಕ್ಕದಲ್ಲಿ ನಾನೇ "ಶಾಬಾಸ್" ಎಂದು ಬರೆದಿದ್ದೆ.

ಅವಳ ಸಂಕೇತದಲ್ಲಿ ತಪ್ಪೇನೂ ಇದ್ದಿರಲಾರದು. ಅವಳ ಜೋಡಣೆಗಳಲ್ಲಿ ಬೆಳಕು ಸೋರುತ್ತಿರಲಿಲ್ಲ, ನಮ್ಮವುಗಳಲ್ಲಿ ಸೋರುತ್ತಿತ್ತು. ಹಾಗಾಗಿ ಅವಳ ಚೂರುಗಳು ಚೆಲ್ಲಿದಾಗಲೂ ನಮ್ಮವಕ್ಕಿಂತ ಎತ್ತರವಿದ್ದು, ನಮ್ಮೆಲ್ಲರ ಎಣಿಕೆ ಕೆಡಿಸಿದವು. ಅವಳ ಫೈಬರನ್ನು ಒಂದು ಪೆನ್ಸಿಲಿಗೆ ಎರಡು ಸುತ್ತು ಸುತ್ತಿದ್ದರೆ ಸಾಕಿತ್ತು. ಬಿಗಿಯಾಗಿ ಬಾಗಿದಲ್ಲಿ ಬೆಳಕು ಸೋರಿ ಅವಳದೂ ನಮ್ಮಷ್ಟಕ್ಕೆ ಇಳಿಯುತ್ತಿತ್ತು. ಎರಡು ನಿಮಿಷದ ಕೆಲಸ. ಆದರೆ ಅಷ್ಟು ಹೊತ್ತಿಗೆ ಸುರುಳಿಗೆ ಉಗ್ರಾಣದ ಸೀಲು ಬಿದ್ದಿತ್ತು. ಇನ್ನೊಂದು ಸಲ ಜೋಡಿಸಲು ಗೈಡನ್ನು ಕೇಳಿದೆ. ಕೋಣೆಯೇ ಇಲ್ಲವಲ್ಲ ಎಂದರು.

ಜೂನ್ 1, ಭಾನುವಾರ, ಉಮರೇಡಿಗೆ ಹೋದೆ. ಅವಳು ಈಗ ಅಲ್ಲಿ ಒಂದು ಟ್ಯೂಷನ್ ಕ್ಲಾಸಿನಲ್ಲಿ ಹತ್ತನೆಯವರಿಗೆ ಗಣಿತ ಹೇಳುತ್ತಾಳೆ. ಹೊಸ ವಿಷಯ ಇನ್ನೂ ಶುರುಮಾಡಿಲ್ಲ. ಬಿಸಿಲಿಗೆ ಕಿಟಕಿಗೆ ಒದ್ದೆ ಚಾದರ ಕಟ್ಟಿದ್ದರು. ಪುಟ ತೋರಿಸಿ ಎಲ್ಲ ಹೇಳಿದೆ. ಅವಳು ಆ ಸಂಖ್ಯೆಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು.

"ನೀ ಬಿಡು, ನನಗೂ ಇದು ಹೊಳೀಲಿಲ್ಲ," ಎಂದಳು. "ಒಂದು ಖರೇ ಹೇಳು. ಬೆಳಕು ಇಳಿಸಿದ್ರ ಐದೂ ನಡೀತಿದ್ವೇನು? ಐವತ್ತರ ಒಳಗ ಬರ್ತಿತ್ತೇನು?"

"ಬರ್ತಿತ್ತು ಅನಸ್ತದ."

"ಅನಸ್ತದ ಬ್ಯಾಡ. ನಂಬರ್ ಹೇಳು."

ನನ್ನ ಬಳಿ ನಂಬರ್ ಇರಲಿಲ್ಲ. ಅವಳನ್ನು ತೆಗೆದದ್ದು ಅನಿವಾರ್ಯವಿತ್ತೇ, ಇಲ್ಲವೇ ಎಂಬುದು ಆ ಒಂದು ಎಣಿಕೆಯಲ್ಲಿತ್ತು. ಅದನ್ನು ನಾನು ಮಾಡಿರಲಿಲ್ಲ. ಅವಳು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು, ಕ್ಲಾಸಿಗೆ ಹೊತ್ತಾಯಿತೆಂದು ಎದ್ದಳು.

ಇದನ್ನು ಓದುವವರಲ್ಲಿ ಯಾರಾದರೂ ಇಂಥ ಐದು ಸಂಕೇತಗಳನ್ನು ಒಂದೇ ಫೈಬರಿನಲ್ಲಿ ಹಾಯಿಸಿ ನೋಡಿದ್ದರೆ, ಮೊದಲು ಒಂದು ಸಾಲು ಉಳಿದವುಗಳ ಎರಡರಷ್ಟು ಬೆಳಗುತ್ತಿದ್ದು ಆಮೇಲೆ ಐದನ್ನೂ ಸಮ ಮಾಡಿದ್ದರೆ, ತಪ್ಪು ಎಷ್ಟರಿಂದ ಎಷ್ಟಕ್ಕೆ ಇಳಿಯಿತೆಂದು ದಯವಿಟ್ಟು ನನಗೆ ಬರೆಯಿರಿ. ಇಳಿಯಲಿಲ್ಲವೆಂದಾದರೂ ಬರೆಯಿರಿ. ಯಾವ ಸಂಖ್ಯೆ ಬಂದರೂ ಅದನ್ನು ಇದ್ದ ಹಾಗೆಯೇ ಅವಳಿಗೆ ತಲುಪಿಸುತ್ತೇನೆ.