ಸೋಮವಾರದ ಗಾಡಿ

ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಐವತ್ತರ ದಶಕದ ಮಾತು. ಅಲ್ಲಿನ ಸೇವಾ ಸಂಘದಲ್ಲಿ ಸತ್ಯವತಮ್ಮ ಎಂಬಾಕೆ ಇದ್ದರು. ಗಂಡ ಸೇತುರಾಮ ಕಾರ್ಖಾನೆಯಲ್ಲಿ ಗುಮಾಸ್ತ. ಸಂಘದ ಗಂಡಸರು ಸಭೆ ಸೇರಿ, ಕಾಫಿ ಕುಡಿದು, ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಈಕೆ ಅರ್ಧ ಕೆಲಸ ಮುಗಿಸಿರುತ್ತಿದ್ದರು. ಆತುರಗಾರರಿಗೆ ಬುದ್ಧಿ ಮಟ್ಟ ಎಂದು ಗಂಡ ಹಂಗಿಸಿದರೆ, ಸೋಮಾರಿಗಳಿಗೆ ಅದೂ ಇಲ್ಲ ಎನ್ನುತ್ತಿದ್ದರು.

ಒಂದು ಬೇಸಿಗೆ ರಜದಲ್ಲಿ ಸಂಘದವರು ಶಾಲೆಯಲ್ಲಿ ಉಚಿತ ಕಣ್ಣಿನ ಶಿಬಿರ ಇಟ್ಟರು. ಆಪರೇಷನ್ ಮಾಡಲು ಡಾಕ್ಟರು ಭಾನುವಾರ ಇಲ್ಲವೇ ಸೋಮವಾರ, ಒಂದೇ ದಿನ ಬರುವವರಿದ್ದರು.

"ಸೋಮವಾರಾನೇ ಇರ್ಲಿ. ಮುಕ್ಕಣ್ಣನ ವಾರ. ಕಣ್ಣಿನ ಕೆಲಸಕ್ಕೆ ಇನ್ಯಾವ ದಿನ ಬೇಕು?" ಎಂದು ಸತ್ಯವತಮ್ಮ ತೀರ್ಮಾನಿಸಿಯೇಬಿಟ್ಟರು.

ಲಗ್ಗೆರೆ ಆಗ ರಾಗಿಹೊಲಗಳ ನಡುವಿನ ಹಳ್ಳಿ. ಅಲ್ಲಿನ ಮುನಿತಾಯಮ್ಮ ಎಂಬ ಮುದುಕಿಗೆ ಎರಡೂ ಕಣ್ಣಿಗೆ ಪೊರೆ, ಮಂಡಿಯೂ ಹಿಡಿದುಕೊಂಡಿತ್ತು. ಮೊಮ್ಮಗಳು ಹುಟ್ಟಿ, ಓಡಾಡಿ, ಎದುರುತ್ತರ ಕೊಡುವಂತಾಗಿದ್ದರೂ ಅಜ್ಜಿ ಅವಳ ಮುಖ ಕಂಡಿರಲಿಲ್ಲ. "ಈ ಸರ್ತಿ ತಪ್ಪುದ್ರೆ ಮುಂದಿನ ಸರ್ತಿಗೆ ನಾನೆಲ್ಲಿರ್ತೀನವ್ವ?" ಎಂದಾಗ ಸತ್ಯವತಮ್ಮ ಅವಳ ಕೈ ಹಿಡಿದು, ನೋಡೇ ನೋಡುತ್ತೀರಿ ಎಂದು ಮಾತು ಕೊಟ್ಟಿದ್ದರು. ಮುದುಕಿಯ ಮಗ ಚಿಕ್ಕಣ್ಣ, ತಾಯಿಯ ಜೊತೆ ಊರಿನ ಇನ್ನೂ ಕೆಲವು ಮುದುಕರನ್ನು ತನ್ನ ಗಾಡಿಯಲ್ಲೇ ತರುತ್ತೇನೆಂದಿದ್ದ. ಆಗಿನ್ನೂ ದಿನ ಗೊತ್ತಾಗಿರಲಿಲ್ಲ.

ಸೋಮವಾರ ಬಂತು. ಡಾಕ್ಟರು ಬಂದರು. ಗಾಡಿ ಮಾತ್ರ ಬರಲಿಲ್ಲ. ಯಾರನ್ನಾದರೂ ಕಳಿಸೋಣವೆಂದರೆ ಸಂಘದ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಸತ್ಯವತಮ್ಮ ಗೆಳತಿ ವಿಮಲಮ್ಮನನ್ನು ಎಳೆದುಕೊಂಡು ಲಗ್ಗೆರೆಗೆ ಒಂದೇ ಉಸಿರಿಗೆ ನಡೆದರು.

ಚಿಕ್ಕಣ್ಣನ ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಬಳಿಸಿಕೊಂಡು, ಹಾಯಾಗಿ ಮೆಲುಕು ಹಾಕುತ್ತಿದ್ದವು.

"ಸೋಮ್ವಾರ ಬಸವನ ಹೆಗಲಿಗೆ ನೊಗ ಇಡಾಕಿಲ್ಲ ಕಣ್ರವ್ವ," ಎಂದ ಚಿಕ್ಕಣ್ಣ. "ಸೋಮ್ವಾರ ಅಂತ ಹೇಳ್ಕಳ್ಸಿದ್ರಲ್ಲ, ನೀವೇ ಮೋಟಾರು ತರ್ತೀರಿ ಅನ್ಕಂಡ್ವಿ."

ಶಿವನನ್ನು ನೆನೆದವರು ಅವನ ವಾಹನವನ್ನು ಮರೆತಿದ್ದರು! ಸತ್ಯವತಮ್ಮನಿಗೆ ತಮ್ಮ ಮೇಲೆ ತಮಗೇ ಸಿಟ್ಟು ಉಕ್ಕಿತು. ಜಗುಲಿಯ ಮೇಲೆ ಮುನಿತಾಯಮ್ಮ ಮಡಿ ಸೀರೆ ಉಟ್ಟು, ಗಂಟು ಕಟ್ಟಿಕೊಂಡು, ಬೆಳಗಿನಿಂದ ಕೂತಿದ್ದಳು.

"ಎತ್ತು ಬೇಡಪ್ಪ, ಗಾಡಿ ಕೊಡು," ಎಂದವರೇ ಸತ್ಯವತಮ್ಮ ಸೆರಗು ಸೊಂಟಕ್ಕೆ ಬಿಗಿದರು.

"ಹುಚ್ಚೇನೇ ನಿಂಗೆ?" ಎಂದರು ವಿಮಲಮ್ಮ.

"ಹೂಂ ಕಣೇ. ಬಾ, ಆ ಕಡೆ ಹಿಡ್ಕೋ."

ಮುದುಕರನ್ನು ಹತ್ತಿಸಿ ಇಬ್ಬರೂ ನೊಗಕ್ಕೆ ಹೆಗಲು ಕೊಟ್ಟರು. ಮೊದಲು ಗಾಡಿ ಜಪ್ಪಯ್ಯ ಅನ್ನಲಿಲ್ಲ. ಹಲ್ಲು ಕಚ್ಚಿ ಮತ್ತೆ ಎಳೆದರು. ಕದಲಿತು! ಊರ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಗಾಡಿ ಊರಬಾಗಿಲು ದಾಟಿದ ಮೇಲೆ ನಗು ನಿಂತಿತು.

"ಹೆಣ್ಮಕ್ಳು ಎಳೀತಾವ್ರೆ, ನಾವು ಮರ ನಿಂತಂಗೆ ನಿಂತಿದ್ದೀವಲ್ರೋ! ಬರ್ರೋ!" ಎಂದು ಚಿಕ್ಕಣ್ಣ ಓಡಿಬಂದ. ಹಿಂದೆಯೇ ಊರ ಹುಡುಗರೆಲ್ಲ ಬಂದು ಗಾಲಿಗೆ ಕೈಹಾಕಿದರು. ಚಿಕ್ಕಣ್ಣ ಎಷ್ಟು ಬೇಡಿದರೂ ಸತ್ಯವತಮ್ಮ ನೊಗ ಬಿಡಲಿಲ್ಲ. ಧೂಳೆಬ್ಬಿಸುತ್ತ, ಕೇಕೆ ಹಾಕುತ್ತ ಅರ್ಧ ಲಗ್ಗೆರೆಯೇ ರಾಜಾಜಿನಗರಕ್ಕೆ ನುಗ್ಗಿತು. ಅಂಥ ಸಂತೋಷ ಸತ್ಯವತಮ್ಮನಿಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಅವರು ಗಂಡನ ಎದುರಿಗೇ ಹೇಳುತ್ತಿದ್ದರು.

ಸಂಜೆ ಸೇತುರಾಮ ಬಾಗಿಲಲ್ಲೇ ಕೇಳಿದರು. "ಏನೇ, ಗಾಡಿ ಎಳೆದ್ಯಂತೆ? ಸುದ್ದಿ ಫ್ಯಾಕ್ಟರಿವರೆಗೂ ಬಂತು!"

"ಎಳೆದೆ. ಸ್ವಲ್ಪ ಎಣ್ಣೆ ಬಿಸಿ ಮಾಡ್ಕೊಂಡ್ ಬನ್ನಿ, ಹೆಗಲು ಕಿತ್ತು ಬರ್ತಿದೆ."

ಅಂದಿನಿಂದ ಬಡಾವಣೆಗೆಲ್ಲ ಅವರು ಗಾಡಿ ಸತ್ಯವತಮ್ಮ ಆದರು, ಕೊನೆಯವರೆಗೂ.

ಮುಂದಿನ ವಾರ ಕಟ್ಟು ಬಿಚ್ಚಿ ದಪ್ಪ ಕನ್ನಡಕ ಹಾಕಿದಾಗ ಮುನಿತಾಯಮ್ಮ ಮೊಮ್ಮಗಳ ಮುಖವನ್ನು ಬೊಗಸೆಯಲ್ಲಿ ಹಿಡಿದು ನೋಡಿದ್ದೇ ನೋಡಿದ್ದು. ಆಮೇಲೆ, "ಗಾಡಿ ಎಳ್ದ ತಾಯಿ ಯಾರವ್ವ?" ಎಂದಳು. ಸತ್ಯವತಮ್ಮ ಹತ್ತಿರ ಹೋಗಿ ಬಗ್ಗಿದರು. ಮುದುಕಿ ಸೆರಗಿನ ಗಂಟು ಬಿಚ್ಚಿ, ವಿಭೂತಿ ತೆಗೆದು, ಅವರ ಹಣೆಗೆ ಹಚ್ಚಿದಳು.

"ಸೋಮ್ವಾರ ನಿಂಗೆ ಪೂಜೆ ಮಾಡ್ಬೇಕಾಗಿತ್ತು ಕಣವ್ವ. ದುಡಿಸ್ಕಂಬಿಟ್ಟೆ."