ಅಮ್ಮನಿಗೆ ಏನಿಷ್ಟವಿತ್ತು?

ನಮ್ಮ ಮನೆಯಲ್ಲಿ ಏರ್ಕಾಡು ಗಿರಿಧಾಮದ ಹೆಸರೆತ್ತುವಂತಿಲ್ಲ. ಎತ್ತಿದರೆ ನನ್ನ ಹೆಂಡತಿ, "ಬೇಡಪ್ಪ, ಅಲ್ಲಿ ವಿಪರೀತ ಟ್ರಾಫಿಕ್ಕು" ಅನ್ನುತ್ತಾಳೆ. ಏರ್ಕಾಡಿನಲ್ಲಿದ್ದ ಮೂರು ದಿನವೂ ನಮ್ಮ ಕಾರಿಗೆ ಅಡ್ಡ ಬಂದದ್ದು ಒಂದೇ ಒಂದು ಹಸು. ಟ್ರಾಫಿಕ್ಕು ಇದ್ದದ್ದು ವಾಪಸ್ಸು ಬರುವಾಗ, ಬೊಮ್ಮನಹಳ್ಳಿಯಲ್ಲಿ. ಎರಡು ಗಂಟೆ ಕೂತಲ್ಲೇ ಕೂತಿದ್ದೆವು. ಆ ಎರಡು ಗಂಟೆ ಹಿಂದಕ್ಕೆ ಹೋಗಿ ಬೆಟ್ಟ, ಕೆರೆ, ಮಂಜು ಎಲ್ಲವನ್ನೂ ನುಂಗಿ ನೀರು ಕುಡಿಯಿತು.

ಅವಳನ್ನು ಆಡಿಕೊಳ್ಳುವ ಹಕ್ಕು ನನಗೂ ಇಲ್ಲ. ಜೆ.ಪಿ. ನಗರದ ಛತ್ರವೊಂದರಲ್ಲಿ ನಡೆದ ಗೆಳೆಯನ ಮಗಳ ಮದುವೆಯಲ್ಲಿ ಎರಡೆರಡು ಸಲ ಹಾಕಿಸಿಕೊಂಡ ಹೋಳಿಗೆ ನನಗೆ ಮರೆತೇ ಹೋಗಿದೆ. ಹೊರಗೆ ಬಂದಾಗ ಕಾಣೆಯಾಗಿದ್ದ ಚಪ್ಪಲಿ ಮಾತ್ರ ಬಕಲ್ ಸಮೇತ ಕಣ್ಣಿಗೆ ಕಟ್ಟಿದಂತಿದೆ. ಆ ದಂಪತಿ ಎದುರಾದಾಗಲೆಲ್ಲ ನಾನು ಮೊದಲು ನೋಡುವುದು ಅಳಿಯನ ಕಾಲನ್ನು.

ಕೊನೆಯದನ್ನಷ್ಟೇ ನೆನಪಿಟ್ಟುಕೊಳ್ಳುವ ನಮ್ಮ ಈ ದೌರ್ಬಲ್ಯ ಹಿರಿಯರಿಗೆ ಗೊತ್ತಿತ್ತೆಂದು ಕಾಣುತ್ತದೆ. ಸಂಗೀತ ಕಚೇರಿ ಎಷ್ಟೇ ಹಳ್ಳ ಹಿಡಿದಿರಲಿ, ಮಂಗಳ ಹಾಡದೆ ವಿದ್ವಾಂಸರು ವೇದಿಕೆ ಇಳಿಯುವುದಿಲ್ಲ. ಅದೊಂದು ನೆಟ್ಟಗೆ ಬಂದರೆ ಕೇಳಿದವರು ದೂರು ಮರೆತು ಏಳುತ್ತಾರೆ. ಶರಣರ ಗುಣ ಮರಣದಲ್ಲಿ ನೋಡು ಅನ್ನುವ ಗಾದೆಯೂ ಇದೆ. ಈ ಗಾದೆಯ ಮೇಲೆ ಮಾತ್ರ ನನಗೆ ಸಿಟ್ಟು. ಶರಣರ ಮಾತು ಬಿಡಿ, ನನ್ನಮ್ಮನಂಥ ಸಾಮಾನ್ಯರ ಗುಣವನ್ನು ಮರಣದಲ್ಲಿ ಹುಡುಕಿದರೆ ಸಿಗುವುದು ಡ್ರಿಪ್ಪು, ಊದಿದ ಪಾದ, "ಮನೆಗೆ ಯಾವಾಗೋ?" ಅನ್ನುವ ಒಂದೇ ಪ್ರಶ್ನೆ.

ಎಪ್ಪತ್ತೆಂಟು ವರ್ಷ ಬದುಕಿದವಳು ಅಮ್ಮ. ಆದರೆ ಅವಳು ಹೋದ ಮೇಲೆ ನಾನು ಕಣ್ಣು ಮುಚ್ಚಿದರೆ ಬರುತ್ತಿದ್ದದ್ದು ಆಸ್ಪತ್ರೆಯ ಕೊನೆಯ ಹನ್ನೊಂದು ದಿನ. ಅದಕ್ಕೆ ಮುಂಚಿನ ಅಮ್ಮ ಕರೆದರೂ ಬರುತ್ತಿರಲಿಲ್ಲ. ಅವಳನ್ನು ಎರಡನೇ ಸಲ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿ ಭಯವಾಗಿತ್ತು.

ಹದಿಮೂರನೇ ದಿನ ವೈಕುಂಠ ಸಮಾರಾಧನೆ. ಹೋದವರಿಗೆ ಇಷ್ಟವಾದದ್ದನ್ನೇ ಅವತ್ತು ಎಲೆಗೆ ಬಡಿಸುವುದು ಪದ್ಧತಿ. ಎರಡು ದಿನ ಮುಂಚೆ ಜಯನಗರದ ನಮ್ಮ ಮನೆಗೆ ಅಡುಗೆ ಭಟ್ಟರು ಬಂದು, ಪೆನ್ನು ತೆಗೆದು, "ತಾಯಿಯವರಿಗೆ ಏನಿಷ್ಟ ಸಾರ್?" ಅಂದರು.

ನಾನು ಯೋಚಿಸಲೂ ಇಲ್ಲ. "ಹೆಸರುಬೇಳೆ ತೊವ್ವೆ, ಸೋರೆಕಾಯಿ ಪಲ್ಯ. ಉಪ್ಪು ತುಂಬಾ ಕಮ್ಮಿ."

ಸೊಪ್ಪು ಬಿಡಿಸುತ್ತಿದ್ದ ಸರೋಜ ಚಿಕ್ಕಮ್ಮ, ಅಮ್ಮನ ತಂಗಿ, ತಲೆಯೆತ್ತಿದರು. "ಯಾರಿಗೋ ಇಷ್ಟ ಅದು? ಸೋರೆಕಾಯಿ ಕಂಡ್ರೆ ಆಗ್ತಿರ್ಲಿಲ್ಲ ಅವಳಿಗೆ. ಅದು ಡಾಕ್ಟರ್ ಬರೆದ ಊಟ ಕಣೋ."

ನಿಜ. ಕಿಡ್ನಿ ಡಾಕ್ಟರ ಚೀಟಿ ಹಿಡಿದು ನಾಲ್ಕು ವರ್ಷ ಆ ಸಪ್ಪೆಯನ್ನು ಬಡಿಸಿದವನು ನಾನೇ, ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟವನೂ ನಾನೇ. ಅಮ್ಮ ತುಟಿಪಿಟಕ್ಕೆನ್ನದೆ ತಿಂದಳು. ಕೊನೆಗೆ ತಿಂದದ್ದನ್ನೇ ನಾನು ಅವಳ ಇಷ್ಟವೆಂದು ತಿಳಿದುಬಿಟ್ಟಿದ್ದೆ.

"ಮತ್ತೇನಿಷ್ಟ ಚಿಕ್ಕಮ್ಮ?" ಅಂದೆ. ನಾಚಿಕೆಯಾಗಿತ್ತು.

"ಮೆಣಸಿನಕಾಯಿ ಬಜ್ಜಿ. ಫೋರ್ತ್ ಬ್ಲಾಕ್ ಕಾಂಪ್ಲೆಕ್ಸ್ ಹತ್ರ ನಿಂತ್ಕೊಂಡೇ ಆರು ತಿಂತಿದ್ಲು, ನಿನ್ನ ಸೊಂಟದ್ಮೇಲೆ ಇಟ್ಕೊಂಡು. ಅದೇ ಕೈಲಿ ನಿನ್ನ ಮೂಗು ಒರೆಸೋಳು, ನೀನು ಬೀದಿ ಒಂದಾಗೋ ಹಾಗೆ ಅರಚ್ಕೋತಿದ್ದೆ. ಭಾವಂಗೆ ಹೇಳ್ಬೇಡ ಕಣೇ ಅಂತ ನಂಗೂ ಒಂದು ಕೊಡಿಸೋಳು."

ಆ ಉರಿ ನನಗೆ ನೆನಪಿಲ್ಲ. ಆದರೆ ಸೆರಗು ಸಿಕ್ಕಿಸಿಕೊಂಡು, ಬಾಯಿ ಸುಟ್ಟುಕೊಂಡು ನಗುತ್ತಿರುವ ಅಮ್ಮ ಕಣ್ಣೆದುರು ಬಂದಳು. ಆಸ್ಪತ್ರೆಯ ಆ ಹನ್ನೊಂದು ದಿನಕ್ಕೆ ಮುಂಚಿನವಳು. ಭಟ್ಟರು ಸೋರೆಕಾಯಿಗೆ ಗೀಟು ಹಾಕಿದರು.

ಸಮಾರಾಧನೆಯ ದಿನ ಬಜ್ಜಿ ಎಷ್ಟು ಖಾರವಾಗಿತ್ತೆಂದರೆ ಎಲ್ಲರ ಕಣ್ಣಲ್ಲೂ ನೀರು, ನನ್ನ ಅಳು ಅದರಲ್ಲಿ ಸೇರಿಹೋಯಿತು. ನಾನೇ ಬಡಿಸುತ್ತಿದ್ದೆ. ಚಿಕ್ಕಮ್ಮ ಮೂರು ಮುಗಿಸಿ ನಾಲ್ಕನೆಯದಕ್ಕೆ ಎಲೆ ತೋರಿಸಿದರು. ಅವರಿಗೆ ಬಿ.ಪಿ., ಅಮ್ಮನ ಹಾಗೆ ಅವರಿಗೂ ಪಥ್ಯ. ಪಕ್ಕದಲ್ಲಿದ್ದ ಅವರ ಮಗಳು ಕಣ್ಣಲ್ಲೇ ಬೇಡವೆಂದಳು. ಬುಟ್ಟಿ ಹಿಡಿದು ಒಂದು ಕ್ಷಣ ನಿಂತೆ.

ಯಾವತ್ತಾದರೂ ಒಬ್ಬ ಭಟ್ಟರು ಬಂದು ಚಿಕ್ಕಮ್ಮನಿಗೆ ಏನಿಷ್ಟ ಅಂತ ಕೇಳಿದರೆ, ಆ ಮಗಳಿಗಾದರೂ ಸರಿಯಾದ ಉತ್ತರ ಗೊತ್ತಿರಬೇಕಲ್ಲ. ಎರಡು ಬಡಿಸಿದೆ.