ಅಪೊಲೊನಿಯಾಳ ಎನ್ಸೈಮಾಡ

ಅಪೊಲೊನಿಯಾ ಸತ್ತಾಗ ಮಾಲೋಲೋಸ್ ಊರಿನ ನಮ್ಮ ಬೀದಿಯವರು ಅತ್ತದ್ದು ಅವಳಿಗಾಗಿ ಅಲ್ಲ, ಅವಳ ಎನ್ಸೈಮಾಡಕ್ಕಾಗಿ. ಸತ್ತವರ ಬಗ್ಗೆ ಹೀಗೆಲ್ಲ ಆಡಬಾರದು ಅನ್ನುತ್ತೀರಿ. ಆಡುತ್ತೇನೆ. ಇಪ್ಪತ್ತೆರಡು ವರ್ಷ ಅವಳ ಅಡುಗೆಮನೆಯ ಕಿಟಕಿ ನನ್ನ ಕಿಟಕಿಗೆ ಎದುರಾಗಿತ್ತು.

ಮೊದಮೊದಲು ಅವಳೇ ಮಾಡುತ್ತಿದ್ದಳು, ನಿಜ. ಮೈದಾ, ಮೊಟ್ಟೆಯ ಹಳದಿ, ಹಂದಿಕೊಬ್ಬು, ಸಕ್ಕರೆ ಎಲ್ಲ ಹಾಕಿಯೂ ಆ ಸಿಹಿ ಬ್ರೆಡ್ಡನ್ನು ಬಾಗಿಲಿಗೆ ಅಡ್ಡ ಇಟ್ಟರೆ ಬಿರುಗಾಳಿಗೂ ಬಾಗಿಲು ಅಲ್ಲಾಡುತ್ತಿರಲಿಲ್ಲ. ಕಾಯುವ ತಾಳ್ಮೆಯೇ ಇಲ್ಲದ ಹೆಂಗಸು. ಹಿಟ್ಟು ಅರ್ಧ ಉಬ್ಬುವಷ್ಟರಲ್ಲಿ ಭಟ್ಟಿಗೆ ತಳ್ಳುತ್ತಿದ್ದಳು. ಆಮೇಲೆ ಅವಳ ಮಣಿಕಟ್ಟು ಹಿಡಿದುಕೊಂಡಿತು. ಹಿಟ್ಟು ಸೊಸೆ ಲುಸಿಂಗ್‌ಳ ಕೈಗೆ ಬಂತು.

ಲುಸಿಂಗ್ ಬೆಳಿಗ್ಗೆ ಮುಕ್ಕಾಲು ಗಂಟೆ ನಾದುವಳು. ಮಧ್ಯಾಹ್ನದವರೆಗೆ ಉಬ್ಬಲು ಬಿಟ್ಟು, ಕೆಳಗಿನ ಹಲಗೆ ಕಾಣುವಷ್ಟು ತೆಳ್ಳಗೆ ಎಳೆದು, ಕೊಬ್ಬು ಸವರಿ, ಚೀಸ್ ತುರಿ ಉದುರಿಸಿ, ಸುರುಳಿ ಸುತ್ತಿ ತಗಡಿನ ಅಚ್ಚಿಗಿಟ್ಟು ಮತ್ತೆ ಉಬ್ಬಲು ಬಿಡುವಳು. ಬೆಂದ ಮೇಲೆ ಬೆಣ್ಣೆ, ಸಕ್ಕರೆ, ಉಪ್ಪುಮೊಟ್ಟೆಯ ಒಂದು ಹೋಳು. ಬಾಯಿಗಿಟ್ಟರೆ ಕರಗುವುದು. ಅಪೊಲೊನಿಯಾ ಹೆಸರು ಮಾಡಿದ್ದು ಆಮೇಲೆಯೇ. ಆಗ ಮಹಾರಾಯ್ತಿ ಏನು ಮಾಡಿದಳು? ಅಡುಗೆಮನೆಯ ಬಾಗಿಲು ಹಾಕಿಸಿ, ಕೆನ್ನೆಗೆ ಒಂದಿಷ್ಟು ಹಿಟ್ಟು ಬಳಿದುಕೊಂಡು ಹೊರಗೆ ಬಂದು ಬಡಿಸಿದಳು. ಕೆನ್ನೆಗೆ ಹಿಟ್ಟು! ನಾಚಿಕೆಗೆಟ್ಟವಳು.

"ನಮ್ಮಜ್ಜಿ ಸ್ಪೇನಿನವ್ರ ಮನೇಲಿ ಕಲ್ತಿದ್ದು. ನನ್ ಕೈಗೆ ಬಿಟ್ರೆ ಇನ್ಯಾರಿಗೂ ಬರಲ್ಲ" ಅನ್ನುವಳು. ಪಾದ್ರಿಯವರು ಎರಡನೆಯದಕ್ಕೆ ಕೈ ಚಾಚುತ್ತ ತಲೆಯಾಡಿಸುವರು. ಲುಸಿಂಗ್ ಒಳಗೆ ಪಾತ್ರೆ ತಿಕ್ಕುತ್ತಿರುವಳು.

ಒಮ್ಮೆ ಬೇಲಿಯ ಹತ್ತಿರ ಅವಳನ್ನು ತರಾಟೆಗೆ ತೆಗೆದುಕೊಂಡೆ.

"ಏನೇ, ನಿನ್ ಬಾಯಿಗೆ ಬೀಗ ಜಡಿದಿದಾರೇನೇ?"

"ನಾನ್ ಹೇಳಿದ್ರೆ ಮನೇಲಿ ರಂಪ ಆಗುತ್ತೆ ಅಕ್ಕ. ಅತ್ತೇನೇ ಹೇಳ್ಲಿ. ಇದು ನಮ್ ಲುಸಿಂಗ್ ಮಾಡಿದ್ದು ಅಂತ ನಾಲ್ಕು ಜನರ ಮುಂದೆ ಒಂದೇ ಒಂದ್ಸಲ. ಇನ್ನೇನೂ ಬೇಡ ನಂಗೆ."

"ಹೇಳ್ತಾಳೆ, ಹೇಳ್ತಾಳೆ. ಕಾಯ್ತಾ ಕೂತಿರು!"

ಪೆದ್ದಿ, ಆರು ವರ್ಷ ಕಾದಳು. ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆ ಹಿಡಿದು ಪಾದ್ರಿ ಬಂದ ದಿನವೂ ಮಂಚದ ಬಳಿ ನಿಂತು ಕಾದಳು. ಅಪೊಲೊನಿಯಾ ಕಣ್ಣು ತೆರೆದು, "ಪಾದ್ರಿಗಳಿಗೆ ನನ್ನ ಎನ್ಸೈಮಾಡ ಕೊಡೇ" ಅಂದಳು. ನನ್ನದಂತೆ! ಹೋಗುವಾಗಲೂ ಬಿಡಲಿಲ್ಲ ಪುಣ್ಯಾತಗಿತ್ತಿ.

ಸಾವಿನ ಒಂಬತ್ತನೆಯ ದಿನದ ಪ್ರಾರ್ಥನೆಗೆ ಬೀದಿಗೆ ಬೀದಿಯೇ ಬಂತು. ಕೈಯಲ್ಲಿ ಜಪಮಣಿ, ಕಣ್ಣು ಅಡುಗೆಮನೆ ಕಡೆ. ಲುಸಿಂಗ್ ಬಿಸಿಬಿಸಿ ಎನ್ಸೈಮಾಡ ತಂದಿಟ್ಟು, "ಇದು ನಾನೇ ಮಾಡಿದ್ದು" ಅಂದಳು. ಸತ್ತ ಅತ್ತೆಯನ್ನು ದೂರಲು ಅವಳಿಗೆ ಮನಸ್ಸಿಲ್ಲ. ಒಂದು ತುತ್ತು ತಿಂದರೆ ಎಲ್ಲರಿಗೂ ತಾನಾಗಿಯೇ ಗೊತ್ತಾಗುತ್ತದೆ ಎಂದು ಅವಳ ಎಣಿಕೆ.

ಮೂಲೆಮನೆಯ ತಿಬುರ್ಸಿಯಾ, ಆರು ವರ್ಷ ಇವಳು ಮಾಡಿದ್ದನ್ನೇ ಮುಕ್ಕಿದವಳು, ಕಚ್ಚಿ, ಕಣ್ಣು ಮುಚ್ಚಿ, ನಾಲಗೆ ಚಪ್ಪರಿಸಿದಳು.

"ಪರ್ವಾಗಿಲ್ಲ ಕಣೇ. ಆದ್ರೂ ನಿಮ್ಮತ್ತೆ ಕೈರುಚಿ ಬರ್ಲಿಲ್ಲ."

"ಆ ಮೆದು ಇದರಲ್ಲಿಲ್ಲಮ್ಮ," ಎಂದರು ಪಾದ್ರಿ, ಇನ್ನೊಂದನ್ನು ಎತ್ತಿಕೊಳ್ಳುತ್ತ. ಉಳಿದವರೆಲ್ಲ ಲೊಚಗುಟ್ಟಿದರು. ಲೊಚಗುಟ್ಟುತ್ತಲೇ ತಟ್ಟೆ ಖಾಲಿ ಮಾಡಿದರು, ಹೊಟ್ಟೆಬಾಕರು.

ಲುಸಿಂಗ್ ನನ್ನ ಕಡೆ ನೋಡಿದಳು. ಹೊರಗಿನವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸಾವಿನ ಮನೆಯಲ್ಲಿ ಜಗಳ ಯಾಕೆ ಎಂದುಕೊಂಡೆ. ಅಷ್ಟು ವರ್ಷ ಎಲ್ಲರನ್ನೂ ಬೈದುಕೊಂಡು ತಿರುಗಿದವಳು, ಬೇಕಾದ ಹೊತ್ತಿಗೆ ಬಾಯಿ ತುಂಬ ಬ್ರೆಡ್ ತುರುಕಿಕೊಂಡು ಕೂತಿದ್ದೆ. ಥೂ ನನ್ನ ಜನ್ಮಕ್ಕೆ.

"ಹೌದು, ನಂಗೆ ಬರಲ್ಲ," ಅಂದಳು ಲುಸಿಂಗ್.

ಮಾರನೆಯ ದಿನ ಅಚ್ಚುಗಳನ್ನೆಲ್ಲ ಗುಜರಿಗೆ ಹಾಕಿದಳು. ಕ್ರಿಸ್‌ಮಸ್ ಬಂತು. ಪಾದ್ರಿ ಹೇಳಿಕಳಿಸಿದರು, ತಿಬುರ್ಸಿಯಾ ಖುದ್ದು ಹೋಗಿ ಗೋಗರೆದಳು. ಬೇರೆ ಎಲ್ಲೂ ಆ ರುಚಿ ಸಿಗುತ್ತಿಲ್ಲವಂತೆ! "ಅತ್ತೆ ಜೊತೇಲೇ ಹೋಯ್ತು" ಎಂದು ಅವರಿಗೆಲ್ಲ ನಯವಾಗಿಯೇ ಹೇಳಿ ಕಳಿಸಿದಳು. ನಾನು ಹೋಗಿ ಬಾಗಿಲು ತಟ್ಟಿದಾಗ ಮಾತ್ರ ತೆರೆಯಲೇ ಇಲ್ಲ.